ಮಗಳಿಗೊಂದು ಕಾಲೇಜು ಹುಡುಕುತ್ತಾ...

ಪಿಯುಸಿ ಫಲಿತಾಂಶ ಹೊರಬಿದ್ದ ವಾರದಿಂದ ನಮ್ಮ ಕರಾವಳಿಯ ಮನೆಗಳಲ್ಲಿ ಕಾಲೇಜುಗಳದ್ದೇ ಮಾತು. ಮದುವೆ ಮನೆಯಾಗಲಿ, ತೊಟ್ಟಿಲು ಕಾರ್ಯವಾಗಲಿ, ಇಬ್ಬರು ತಾಯಂದಿರು ಜೊತೆಗೂಡಿದರೆ ಸಾಕು, “ನಿಮ್ಮ ಮಗಳನ್ನು ಎಲ್ಲಿಗೆ ಸೇರಿಸುತ್ತೀರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂದು ಕಾಲದಲ್ಲಿ ಇದೇ ಪ್ರಶ್ನೆ “ಮಗಳನ್ನು ಇನ್ನೂ ಓದಿಸುತ್ತೀರಾ?” ಎಂದಿತ್ತು. ಪ್ರಶ್ನೆ ಬದಲಾಗಿರುವುದೇ ಸಂತೋಷದ ಸಂಗತಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಲೇಖಕಿ ಸಾರಾ ಅಬೂಬಕ್ಕರ್ ಅವರ ಕಾಲದಲ್ಲಿ ಮುಸ್ಲಿಮ್ ಹುಡುಗಿಯೊಬ್ಬಳು ಪ್ರೌಢಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿತ್ತು. ಅವರಿಗೂ ಅಲ್ಲಿಂದ ಮುಂದಿನ ಬಾಗಿಲು ತೆರೆಯಲಿಲ್ಲ. ಇಂದು ನಮ್ಮ ಹೆಣ್ಣು ಮಕ್ಕಳ ಮುಂದೆ ಒಂದಲ್ಲ, ಹತ್ತು ಬಾಗಿಲುಗಳಿವೆ. ಯಾವುದನ್ನು ತಟ್ಟಬೇಕು ಎಂಬುದು ಈಗಿನ ಚಿಂತೆ.

ನಮ್ಮ ಮನೆಯಲ್ಲೂ ಈ ಚಿಂತೆ ಬಂತು. ಮಗಳಿಗೆ ಬಿ.ಎ. ಮಾಡುವ ಆಸೆ. ಬಂಧುಗಳು, ನೆರೆಹೊರೆಯವರು ತಂದುಕೊಟ್ಟ ಪ್ರಾಸ್ಪೆಕ್ಟಸ್‌ಗಳು ಮೇಜಿನ ಮೇಲೆ ರಾಶಿಬಿದ್ದವು. ಎಲ್ಲದರಲ್ಲೂ ಅದೇ ಹೊಳೆಯುವ ಕಾಗದ, ಅದೇ ಹಸಿರು ಮೈದಾನ, ಅದೇ ಕಂಪ್ಯೂಟರ್ ಲ್ಯಾಬ್, ರ‍್ಯಾಂಕ್ ಪಡೆದವರ ಫೋಟೋ. ಶುಲ್ಕದಲ್ಲಿ ವ್ಯತ್ಯಾಸವಿತ್ತೇ ಹೊರತು ಪಾಠದ ವಿಷಯಗಳು ಹೆಚ್ಚು ಕಡಿಮೆ ಒಂದೇ. ಮಗಳು ಎಲ್ಲವನ್ನೂ ಓದಿ ಮಡಚಿಟ್ಟು ಕೇಳಿದಳು, “ಉಮ್ಮಾ, ಮಧ್ಯಾಹ್ನ ಊಟಕ್ಕೆ ನಾನು ಯಾರ ಜೊತೆ ಕೂರುವುದು? ಅದು ಇದರಲ್ಲಿ ಎಲ್ಲೂ ಇಲ್ಲವಲ್ಲ.”

ಅವಳ ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಮೂರು ವರ್ಷ ಎಂದರೆ ಸಾವಿರ ದಿನ. ಪಾಠ ದಿನಕ್ಕೆ ನಾಲ್ಕೈದು ಗಂಟೆ. ಉಳಿದ ಹೊತ್ತೆಲ್ಲ ಗೆಳತಿಯರು, ಕ್ಯಾಂಟೀನು, ಬಸ್ಸು, ಗ್ರಂಥಾಲಯ, ಹಾಸ್ಟೆಲ್ಲು. ಒಬ್ಬ ಹುಡುಗಿಯ ಮಾತು, ಧೈರ್ಯ, ಲೋಕದ ತಿಳಿವಳಿಕೆ ರೂಪುಗೊಳ್ಳುವುದು ಈ ಹೊತ್ತಿನಲ್ಲೇ. ಕಾಗದದಲ್ಲಿ ಸಿಗದಿದ್ದರೆ ಕಣ್ಣಾರೆ ನೋಡಿ ಬರೋಣ ಎಂದು ತೀರ್ಮಾನಿಸಿ ತಾಯಿ ಮಗಳು ಹೊರಟೆವು. ಮಂಗಳೂರು, ಭಟ್ಕಳ, ಮೈಸೂರು ಎಂಬ ಮೂರು ಊರುಗಳು ನಮ್ಮ ಪಟ್ಟಿಯಲ್ಲಿದ್ದವು.

ಹಂಪನಕಟ್ಟೆಯ ದಾರಿಯಲ್ಲಿ

ನಮ್ಮ ಊರು ಬಿ.ಸಿ. ರೋಡಿನ ಹತ್ತಿರ. ಅಲ್ಲಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್. ಫರಂಗಿಪೇಟೆ, ಪಡೀಲ್, ಪಂಪ್‌ವೆಲ್ ದಾಟಿ ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸು ಬೆಳಗ್ಗೆ ಎಂಟರ ಹೊತ್ತಿಗೆ ಒಂದು ಚಲಿಸುವ ಕಾಲೇಜೇ ಸರಿ. ಬ್ಯಾಗುಗಳನ್ನು ಸೀಟಿನಲ್ಲಿ ಕುಳಿತವರ ಮಡಿಲಿಗೆ ಕೊಟ್ಟು ನಿಂತಿದ್ದ ಹುಡುಗಿಯರ ಮಾತು ಕೇಳುವುದೇ ಒಂದು ಮೋಜು. ಇಬ್ಬರು ಬ್ಯಾರಿಯಲ್ಲಿ ಮಾತನಾಡುತ್ತಿದ್ದರು. ತುಂಬೆಯಲ್ಲಿ ಇನ್ನೊಬ್ಬಳು ಹತ್ತಿದಾಗ ಮಾತು ತುಳುವಿಗೆ ತಿರುಗಿತು. ಅವಳ ಹಿಂದಿನಿಂದ ಬಂದವಳಿಗೆ ಕೊಂಕಣಿ ಮಾತ್ರ ಸಲೀಸು, ಆಗ ಕನ್ನಡ ಬಂತು. ಯಾರೂ ಇದನ್ನು ಯೋಚಿಸಿ ಮಾಡಿದಂತೆ ಕಾಣಲಿಲ್ಲ. ಬಂದವಳಿಗೆ ಅರ್ಥವಾಗಲಿ ಎಂಬುದಷ್ಟೇ ಅವರ ಲೆಕ್ಕ.

ಬಸ್ಸಿನ ವಿಷಯ ಬಂದದ್ದರಿಂದ ಒಂದು ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಆದರೆ ಮಂಗಳೂರು ನಗರದಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಒಂದೇ ದೂರದ ಎರಡು ಕಾಲೇಜುಗಳಲ್ಲಿ ಒಂದಕ್ಕೆ ಹೋಗಿ ಬರುವ ಖರ್ಚು ಸೊನ್ನೆ, ಇನ್ನೊಂದಕ್ಕೆ ತಿಂಗಳಿಗೆ ಸಾವಿರಕ್ಕೂ ಮೇಲೆ ಬೀಳಬಹುದು. ಸಂಜೆ ಕಾರ್ಯಕ್ರಮಕ್ಕೆ ನಿಲ್ಲಬೇಕಾದರೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದೂ ಮುಖ್ಯ. ನಾಟಕ, ಚರ್ಚಾಸ್ಪರ್ಧೆ, ಎನ್ನೆಸ್ಸೆಸ್ ಎಲ್ಲವೂ ಇರುವುದು ತರಗತಿ ಮುಗಿದ ಮೇಲೆ. ನಾಲ್ಕೂವರೆಗೆ ಬಸ್ಸಿಗೆ ಓಡುವವಳಿಗೆ ಕಾಲೇಜಿನ ಅರ್ಧ ಭಾಗವೇ ಸಿಗುವುದಿಲ್ಲ.

ಹಂಪನಕಟ್ಟೆಯಲ್ಲಿ ಇಳಿದರೆ ಸುತ್ತಮುತ್ತ ಕಾಲೇಜುಗಳೇ. ಇಲ್ಲಿರುವ ವಿಶ್ವವಿದ್ಯಾನಿಲಯ ಕಾಲೇಜು 1868ರಲ್ಲಿ ಸರಕಾರಿ ಶಾಲೆಯಾಗಿ ಆರಂಭಗೊಂಡು ಬೆಳೆದದ್ದು. ಅಲ್ಲಿಂದ ಬಾವುಟಗುಡ್ಡೆಯ ಏರು ಹತ್ತಿದರೆ 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಕಟ್ಟಿದ ಸಂತ ಅಲೋಶಿಯಸ್. ಅಲ್ಲಿನ ಚಾಪೆಲ್‌ನ ಗೋಡೆ ಮತ್ತು ಮಾಡಿನ ತುಂಬ ಇಟಲಿಯ ಕಲಾವಿದ ಮೊಸ್ಚೇನಿ ಬಿಡಿಸಿದ ಚಿತ್ರಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಗುಡ್ಡದ ಮೇಲಿನಿಂದ ಹಂಚಿನ ಮಾಡುಗಳು, ತೆಂಗಿನ ತೋಟ, ಅದರಾಚೆಗೆ ಅರಬ್ಬಿ ಸಮುದ್ರದ ಒಂದು ಗೆರೆ ಕಾಣುತ್ತದೆ. ಮಗಳು ಅಲ್ಲಿ ನಿಂತು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

ಆ ದಿನ ನಗರದ ಮೂರ್ನಾಲ್ಕು ಕಾಲೇಜುಗಳ ಆವರಣ ಹೊಕ್ಕೆವು. ಒಳಗೆ ಕಂಡದ್ದನ್ನು ಹೇಳುವಾಗ ಹೆಸರು ಬೇಡ. ಒಂದು ದಿನದ ನೋಟದಿಂದ ಯಾವ ಸಂಸ್ಥೆಗೂ ಅಂಕ ಕೊಡುವುದು ಸರಿಯಲ್ಲ. ಒಂದು ಕಡೆ ಕ್ಯಾಂಟೀನಿನಲ್ಲಿ ತಲೆವಸ್ತ್ರದ ಹುಡುಗಿಯರೆಲ್ಲ ಒಂದು ಮೂಲೆಯ ಮೇಜಿನಲ್ಲಿ, ಉಳಿದವರು ಉಳಿದ ಮೇಜುಗಳಲ್ಲಿ. ಅಲ್ಲಿ ಜಗಳವಿರಲಿಲ್ಲ, ಗಡಿಯೂ ಇರಲಿಲ್ಲ. ಆದರೂ ನಾವಿದ್ದ ಅರ್ಧ ಗಂಟೆಯಲ್ಲಿ ಒಂದು ಮೇಜಿನಿಂದ ಇನ್ನೊಂದಕ್ಕೆ ಯಾರೂ ಎದ್ದು ಹೋಗಲಿಲ್ಲ. ಪರಿಚಿತರ ಜೊತೆ ಕೂರುವುದು ತಪ್ಪಲ್ಲ, ನಾವೆಲ್ಲ ಹಾಗೇ ಮಾಡುತ್ತೇವೆ. ಆದರೆ ಮೂರು ವರ್ಷ ಅದೇ ಮೂಲೆಯಲ್ಲಿ ಕುಳಿತರೆ ಕಾಲೇಜಿಗೆ ಹೋಗಿಯೂ ಊರಲ್ಲೇ ಇದ್ದಂತಾಯಿತು.

ಇನ್ನೊಂದು ಕಡೆ ಮರದ ಬುಡದ ಬೆಂಚಿನಲ್ಲಿ ಆರೇಳು ಹುಡುಗಿಯರು ಬುತ್ತಿ ಬಿಚ್ಚಿದ್ದರು. ನಾವು ಜಾಗ ಹುಡುಕುತ್ತಿದ್ದುದನ್ನು ನೋಡಿ ಒಬ್ಬಳು ತನ್ನ ಬ್ಯಾಗು ಸರಿಸಿ, “ಆಂಟಿ, ಇಲ್ಲಿ ಕೂತ್ಕೊಳ್ಳಿ” ಎಂದಳು. ಮಗಳತ್ತ ತಿರುಗಿ, “ಊಟ ತಂದಿದ್ದೀಯಾ? ಇಲ್ಲದಿದ್ದರೆ ನನ್ನದರಲ್ಲಿ ನೀರುದೋಸೆ ಜಾಸ್ತಿ ಇದೆ” ಎಂದಳು. ಹೆಸರು, ಊರು ಕೇಳಿದ್ದು ಆಮೇಲೆ.

ಬೆಂದೂರಿನ ಸಂಜೆ

ಬೆಂದೂರಿನ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಹೆಣ್ಣು ಮಕ್ಕಳಿಗೆಂದೇ ಆರಂಭಿಸಿದ್ದು. ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು ಎಂಬ ಹೆಸರು ಅದಕ್ಕಿದೆ. ನೂರು ವರ್ಷಗಳ ಹಿಂದೆ, ಹೆಣ್ಣು ಮಗಳನ್ನು ಮನೆಯಿಂದ ಹೊರಗೆ ಕಳುಹಿಸಲು ಎಲ್ಲ ಜಾತಿ, ಧರ್ಮದವರೂ ಹೆದರುತ್ತಿದ್ದ ಕಾಲದಲ್ಲಿ, “ಅಲ್ಲಿ ಗಂಡಸರಿಲ್ಲ” ಎಂಬ ಒಂದೇ ಮಾತು ಎಷ್ಟು ತಂದೆಯರ ಮನವೊಲಿಸಿರಬಹುದು!

ಮಹಿಳಾ ಕಾಲೇಜೆಂದರೆ ಕಟ್ಟುನಿಟ್ಟಿನ ಜಾಗ ಎಂದಷ್ಟೇ ನಮ್ಮಲ್ಲಿ ಹಲವರು ಭಾವಿಸಿದ್ದಾರೆ. ಅಂಥ ಕಾಲೇಜುಗಳಲ್ಲಿ ಓದಿದ ನನ್ನ ಇಬ್ಬರು ಗೆಳತಿಯರು ಬೇರೆಯೇ ಹೇಳುತ್ತಾರೆ. ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಹುಡುಗಿ, ಕಾರ್ಯದರ್ಶಿ ಹುಡುಗಿ, ಮೈಕು ಹಿಡಿಯುವವಳು ಹುಡುಗಿ, ವೇದಿಕೆಗೆ ಮೇಜು ಹೊರುವವಳೂ ಹುಡುಗಿ. “ಅದು ನಿನ್ನ ಕೆಲಸವಲ್ಲ” ಎನ್ನಲು ಅಲ್ಲಿ ಯಾರೂ ಇಲ್ಲ. ಸಹಶಿಕ್ಷಣದ ಕಾಲೇಜುಗಳಲ್ಲಿ ಹುಡುಗಿಯರಿಗೆ ಸ್ವಾಗತ ಗೀತೆ, ಹೂಗುಚ್ಛ ಕೊಡುವ ಕೆಲಸ ಸುಲಭವಾಗಿ ಸಿಗುತ್ತದೆ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದು ಅಷ್ಟು ಸುಲಭವಲ್ಲ. ಇದನ್ನು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ತೆರೆದು ವಿದ್ಯಾರ್ಥಿ ಸಂಘದ ಫೋಟೋ ನೋಡಿದರೆ ಸಾಕು. ಮಧ್ಯದ ಕುರ್ಚಿಯಲ್ಲಿ ಯಾರಿದ್ದಾರೆ, ಅಂಚಿನಲ್ಲಿ ಯಾರು ನಿಂತಿದ್ದಾರೆ ಎಂಬುದೇ ಉತ್ತರ.

ಇನ್ನೊಂದು ಬದಿಯೂ ಇದೆ. ಓದು ಮುಗಿಸಿ ಕೆಲಸಕ್ಕೆ ಸೇರಿದರೆ ಕಚೇರಿಯಲ್ಲಿ ಗಂಡಸರಿರುತ್ತಾರೆ. ಅವರ ಜೊತೆ ಘನತೆಯಿಂದ, ಅಂಜದೆ ಮಾತನಾಡಲು, ಬೇಡದ ಸಲಿಗೆಯನ್ನು ಅಲ್ಲಲ್ಲೇ ನಿಲ್ಲಿಸಲು ಎಂದಾದರೊಮ್ಮೆ ಕಲಿಯಲೇಬೇಕು. ಅದನ್ನು ಹದಿನೆಂಟರಲ್ಲಿ ಕಲಿಯುವುದೋ ಇಪ್ಪತ್ತೊಂದರಲ್ಲೋ ಎಂಬುದು ಆಯಾ ಹುಡುಗಿಯ ಸ್ವಭಾವಕ್ಕೆ ಬಿಟ್ಟದ್ದು. ಮೊದಲು ಮಾತು ಬರಬೇಕು ಎನ್ನುವವಳಿಗೆ ಮಹಿಳಾ ಕಾಲೇಜು ಒಳ್ಳೆಯ ನೆಲ. ಮಾತು ಇದ್ದು ಅದನ್ನು ಎಲ್ಲರ ನಡುವೆ ನಿಲ್ಲಿಸಬೇಕು ಎನ್ನುವವಳಿಗೆ ಸಹಶಿಕ್ಷಣ ಹೆಚ್ಚು ಕಲಿಸಬಹುದು.

ಆ ವರ್ಷದ ನೆರಳು

ಮಂಗಳೂರು, ಉಡುಪಿಯ ಕಾಲೇಜುಗಳ ಬಗ್ಗೆ ಬರೆಯುವಾಗ 2022ನ್ನು ಮರೆತು ಬರೆಯಲಾಗದು. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದ ರಾಜ್ಯವಿಡೀ ಹಬ್ಬಿತು. ಫೆಬ್ರವರಿ 5ರಂದು ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಒಬ್ಬರು ಆದೇಶ ಸರಿ ಎಂದರೆ, ಇನ್ನೊಬ್ಬರು ಹುಡುಗಿಯರ ಓದಿಗೆ ಅಡ್ಡಿಯಾಗುವುದನ್ನು ಒಪ್ಪಲಿಲ್ಲ.

ತೀರ್ಪುಗಳ ಚರ್ಚೆ ವಕೀಲರಿಗಿರಲಿ. ನಮ್ಮ ಊರುಗಳಲ್ಲಿ ಆದದ್ದು ಇಷ್ಟು: ಕೆಲವರು ತಲೆವಸ್ತ್ರ ತೆಗೆದು ತರಗತಿಗೆ ಹೋದರು, ಕೆಲವರು ಕಾಲೇಜು ಬದಲಾಯಿಸಿದರು, ಕೆಲವರು ಮನೆಯಲ್ಲೇ ಉಳಿದರು. ಉಳಿದವರಲ್ಲಿ ಹಲವರು ಮತ್ತೆ ಪುಸ್ತಕ ತೆರೆಯಲಿಲ್ಲ. ಗೆಳೆತನಗಳ ಮೇಲೂ ಪೆಟ್ಟು ಬಿತ್ತು. ಶಾಲೆಯಿಂದಲೂ ಒಂದೇ ಬೆಂಚಿನಲ್ಲಿ ಕುಳಿತವರು ಗೇಟಿನ ಎರಡು ಬದಿಗಳಲ್ಲಿ ನಿಂತರು. ಆಗ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿದ್ದ ನಮ್ಮ ಮಕ್ಕಳು ಟಿವಿಯಲ್ಲಿ ಅದನ್ನೆಲ್ಲ ನೋಡಿ ಬೆಳೆದಿದ್ದಾರೆ. ಊಟಕ್ಕೆ ಯಾರ ಜೊತೆ ಕೂರಲಿ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಜೊತೆಗೆ ನಮ್ಮ ಜಿಲ್ಲೆಯ ಇನ್ನೊಂದು ಪಿಡುಗೂ ಇದೆ. ಬೇರೆ ಬೇರೆ ಧರ್ಮದ ವಿದ್ಯಾರ್ಥಿಗಳು ಒಟ್ಟಿಗೆ ಹೋದರೆಂದು, ಮಾತನಾಡಿದರೆಂದು ಹೊರಗಿನವರು ಅಡ್ಡಗಟ್ಟಿದ, ಹೊಡೆದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಬಂದಿವೆ. ಇದಕ್ಕೆ ಪತ್ರಿಕೆಗಳು ಅನೈತಿಕ ಪೊಲೀಸ್‌ಗಿರಿ ಎಂದು ಹೆಸರಿಟ್ಟಿವೆ. ಕಾಲೇಜಿನ ಗೇಟಿನೊಳಗೆ ಎಷ್ಟೇ ಸ್ನೇಹವಿದ್ದರೂ ಗೇಟಿನ ಹೊರಗಿನ ರಸ್ತೆ ಹೇಗಿದೆ ಎಂಬುದನ್ನೂ ನೋಡಬೇಕಾದದ್ದು ಇದಕ್ಕಾಗಿ.

ನಾವು ಹೋದಲ್ಲೆಲ್ಲ ಕಚೇರಿಯಲ್ಲಿ ನೇರವಾಗಿ ಕೇಳಿದೆವು, “ಸಮವಸ್ತ್ರದ ನಿಯಮ ಏನು? ತಲೆವಸ್ತ್ರಕ್ಕೆ ಅನುಮತಿ ಇದೆಯೇ? ತರಗತಿಯಲ್ಲೂ ಇದೆಯೇ, ಆವರಣದಲ್ಲಿ ಮಾತ್ರವೇ?” ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ಒಂದು ಕಡೆ ಗುಮಾಸ್ತರು ಮುದ್ರಿತ ನಿಯಮವನ್ನೇ ತೋರಿಸಿದರು. ಇನ್ನೊಂದು ಕಡೆ “ಅದೆಲ್ಲ ಸೇರಿದ ಮೇಲೆ ನೋಡೋಣ” ಎಂಬ ಉತ್ತರ ಬಂತು. ಶುಲ್ಕ ಕಟ್ಟಿದ ಮೇಲೆ ನೋಡುವ ವಿಷಯ ಇದಲ್ಲ. ಒಪ್ಪಿಗೆಯಾಗಲಿ ಆಗದಿರಲಿ, ಸ್ಪಷ್ಟ ಉತ್ತರ ಕೊಡುವ ಕಾಲೇಜಿನ ಜೊತೆ ವ್ಯವಹರಿಸುವುದು ಸುಲಭ.

ಭಟ್ಕಳದ ರೈಲು

ಎರಡನೆಯ ಪ್ರಯಾಣ ಭಟ್ಕಳಕ್ಕೆ. ಅಲ್ಲಿ ನನ್ನ ನಾದಿನಿಯ ಮನೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡ ಮೇಲೆ ಈ ದಾರಿ ಬಹಳ ಸಲೀಸಾಗಿದೆ. ಬೆಳಗ್ಗೆ ಮಂಗಳೂರಿನಲ್ಲಿ ರೈಲು ಹತ್ತಿದರೆ ಸುರತ್ಕಲ್, ಉಡುಪಿ, ಬಾರ್ಕೂರು, ಕುಂದಾಪುರ, ಬೈಂದೂರು ಒಂದೊಂದಾಗಿ ಹಿಂದೆ ಸರಿಯುತ್ತವೆ. ಎಡಗಡೆ ಹೊಳೆಗಳು ಸಮುದ್ರ ಸೇರುವ ಅಳಿವೆಗಳು, ಬಲಗಡೆ ಘಟ್ಟದ ನೀಲಿ ಸಾಲು.

ಭಟ್ಕಳದ ಶಿಕ್ಷಣದ ಕತೆ ಅಂಜುಮನ್ ಹಾಮಿ ಮುಸ್ಲಿಮೀನ್ ಸಂಸ್ಥೆಯ ಕತೆಯೇ ಆಗಿದೆ. 1919ರಲ್ಲಿ ಊರಿನ ನವಾಯತ ಹಿರಿಯರು ಅದನ್ನು ಕಟ್ಟಿದರು. ಚಿಕ್ಕ ಶಾಲೆಯಿಂದ ಆರಂಭವಾದದ್ದು ಈಗ ಪದವಿ, ಎಂಜಿನಿಯರಿಂಗ್ ಕಾಲೇಜುಗಳ ತನಕ ಬೆಳೆದಿದೆ. ಹೆಣ್ಣು ಮಕ್ಕಳಿಗೆ ಬೇರೆಯೇ ಕಾಲೇಜಿದೆ. ಊರ ಗಂಡಸರಲ್ಲಿ ಹಲವರು ಕೊಲ್ಲಿ ದೇಶಗಳಲ್ಲಿ. ಮನೆ ನಡೆಸುವುದು, ಬ್ಯಾಂಕು, ಮಕ್ಕಳ ಶಾಲೆ ಎಲ್ಲವೂ ಹೆಂಗಸರ ಕೈಯಲ್ಲೇ. ನವಾಯತಿ ಭಾಷೆಯ ಮೂಲ ಕೊಂಕಣಿ, ಅದರಲ್ಲಿ ಅರಬಿ, ಫಾರ್ಸಿ ಪದಗಳು ಧಾರಾಳ. ನಾದಿನಿ ಮಧ್ಯಾಹ್ನ ಶಾವಿಗೆ ಬಿರಿಯಾನಿ ಮಾಡಿದ್ದಳು, ಸಂಜೆ ಭಟ್ಕಳ ಮಲ್ಲಿಗೆಯ ದಂಡೆ ತರಿಸಿದಳು.

ಅಲ್ಲಿ ಓದುವ ಹುಡುಗಿಯರ ಜೊತೆ ಮಗಳು ಒಂದು ಸಂಜೆ ಕಳೆದಳು. ಮರಳಿ ಬಂದು ಹೇಳಿದ ಮೊದಲ ಮಾತು, “ಉಮ್ಮಾ, ಇಲ್ಲಿ ನಾನು ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ.” ಉಪವಾಸ ಯಾಕೆ, ನಮಾಝ್‌ಗೆ ಎಲ್ಲಿ ಹೋಗುತ್ತೀ, ತಲೆವಸ್ತ್ರ ಸೆಕೆಯಾಗುವುದಿಲ್ಲವೇ ಎಂಬ ಪ್ರಶ್ನೆಗಳು ಅಲ್ಲಿಲ್ಲ. ಸದಾ ಉತ್ತರ ಕೊಡುತ್ತಲೇ ಇರಬೇಕಾದ ಹುಡುಗಿಗೆ ಉತ್ತರ ಕೊಡಬೇಕಿಲ್ಲದ ಜಾಗ ಎಷ್ಟು ಹಗುರ ಎಂಬುದು ನನಗೂ ಗೊತ್ತು. ಮನಸ್ಸಿನಲ್ಲೇ ನಾನು ಅಲ್ಲಿಗೆ ಮುದ್ರೆ ಒತ್ತಿದ್ದೆ.

ಆದರೆ ಅದೇ ರಾತ್ರಿ ನಾದಿನಿಯ ಮನೆಯಲ್ಲಿ ಎರಡು ಅಭಿಪ್ರಾಯ ಕೇಳಿದೆ. ನೆರೆಮನೆಯ ಹೆಂಗಸೊಬ್ಬರು ಹೇಳಿದರು, “ನನ್ನ ಮಗಳು ಹುಡುಗಿಯರ ಕಾಲೇಜಿನಲ್ಲಿ ಓದಿ ಮಂಗಳೂರಿಗೆ ಎಂ.ಎ.ಗೆ ಹೋದಳು. ತರಗತಿಯಲ್ಲಿ ಬಾಯಿ ಬಿಡಲು ಅರ್ಧ ವರ್ಷ ಬೇಕಾಯಿತು.” ಅವರ ಪಕ್ಕದಲ್ಲಿದ್ದ ಸೊಸೆ ಕೂಡಲೇ ಹೇಳಿದಳು, “ಮಾಮಿ, ಆ ಕಾಲೇಜು ಇಲ್ಲದಿದ್ದರೆ ಅವಳನ್ನು ಎಂ.ಎ. ತನಕ ಕಳುಹಿಸುತ್ತಿದ್ದಿರಾ?” ಅತ್ತೆ ನಕ್ಕು ಸುಮ್ಮನಾದರು. ಇಬ್ಬರ ಮಾತೂ ನಿಜ. ಸಮುದಾಯದ ಕಾಲೇಜುಗಳು ಸಾವಿರಾರು ಮನೆಗಳ ಬಾಗಿಲು ತೆರೆಸಿವೆ. ಆ ಬಾಗಿಲಿನಿಂದ ಹೊರಬಂದ ಮೇಲೆ ಮುಂದಿನ ರಸ್ತೆಯನ್ನು ಹುಡುಗಿಯೇ ಅಭ್ಯಾಸ ಮಾಡಿಕೊಳ್ಳಬೇಕು.

ಮೈಸೂರಿನ ಹಾಸ್ಟೆಲ್

ಮೂರನೆಯದು ಮೈಸೂರು. ಸರಕಾರಿ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಇಬ್ಬರೂ ಉಚಿತವಾಗಿ ಹೊರಟೆವು. ಸುಳ್ಯ ದಾಟಿ ಸಂಪಾಜೆಯ ತಿರುವುಗಳನ್ನೇರಿ ಮಡಿಕೇರಿ ತಲುಪುವಾಗ ಕಿಟಕಿಯಿಂದ ಚಳಿ ಒಳಬಂತು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿದ ಮೇಲೆ ನೆಲ ಸಮತಟ್ಟಾಗಿ, ಆಕಾಶ ಅಗಲವಾಗಿ ಕಾಣತೊಡಗಿತು.

ಮೈಸೂರು ವಿಶ್ವವಿದ್ಯಾನಿಲಯ 1916ರದ್ದು, ನಾಡಿನ ಮೊದಲನೆಯದು. ಹೆಣ್ಣು ಮಕ್ಕಳ ಶಿಕ್ಷಣವಂತೂ ಅದಕ್ಕೂ ಹಳೆಯದು. ಈಗಿನ ಮಹಾರಾಣಿ ಕಾಲೇಜಿನ ಬೇರು 1881ರಲ್ಲಿ ಆರಂಭವಾದ ಬಾಲಕಿಯರ ಶಾಲೆಯಲ್ಲಿದೆ. ಕುಲಪತಿಯಾಗಿದ್ದ ಕುವೆಂಪು ಅವರು 1960ರಲ್ಲಿ ರೂಪಿಸಿದ ಮಾನಸಗಂಗೋತ್ರಿಯ ಮರಗಳ ಸಾಲು, ಪಕ್ಕದ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ಸಂಜೆ ನಡೆದಾಡುವ ಹುಡುಗಿಯರು, ಇವನ್ನೆಲ್ಲ ನೋಡಿದರೆ ಓದಲೆಂದೇ ಕಟ್ಟಿದ ಊರು ಇದು ಎನ್ನಿಸುತ್ತದೆ.

ಪರಿಚಯದವರೊಬ್ಬರ ಮಗಳು ಇದ್ದ ಹಾಸ್ಟೆಲ್‌ಗೆ ಹೋದೆವು. ಒಂದು ಕೋಣೆಯಲ್ಲಿ ನಾಲ್ವರು: ಹಾಸನದವಳು, ಚಾಮರಾಜನಗರದವಳು, ಕೊಪ್ಪಳದವಳು, ಮತ್ತು ನಮ್ಮವರ ಹುಡುಗಿ. ಗೋಡೆಯ ಒಂದೇ ಕಪಾಟಿನಲ್ಲಿ ಒಂದು ಸಾಲಿನಲ್ಲಿ ದೇವರ ಚಿತ್ರ, ಇನ್ನೊಂದು ಸಾಲಿನಲ್ಲಿ ಮಡಚಿಟ್ಟ ಮುಸಲ್ಲಾ. ರಮಝಾನಿನಲ್ಲಿ ಸಹರಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ರಾತ್ರಿಯೇ ಊಟವನ್ನು ಡಬ್ಬಿಯಲ್ಲಿ ತೆಗೆದಿಡುತ್ತಾರಂತೆ. ಎಬ್ಬಿಸುವ ಕೆಲಸ ಕೊಪ್ಪಳದ ಹುಡುಗಿಯದ್ದು. “ಇವಳಿಗೆ ಅಲಾರಂ ಕೇಳಿಸಂಗಿಲ್ರೀ ಆಂಟಿ, ನಾನೇ ಎಬ್ಬಸ್ತೀನಿ” ಎಂದಳು ಅವಳು.

ಆದರೆ ಅದೇ ಕೋಣೆಯ ಹುಡುಗಿಯರು ಇನ್ನೊಂದನ್ನೂ ಹೇಳಿದರು. ಮೊದಲ ಎರಡು ತಿಂಗಳು ಎಲ್ಲರೂ ಅತ್ತಿದ್ದಾರೆ. ಜ್ವರ ಬಂದಾಗ ಗಂಜಿ ಮಾಡಿಕೊಡುವವರಿಲ್ಲ. ನೀರು ಬಾರದ ದಿನಗಳಿವೆ. ಗೇಟು ಮುಚ್ಚುವ ಹೊತ್ತಿಗೆ ಐದು ನಿಮಿಷ ತಡವಾದರೆ ವಾರ್ಡನ್ ಮನೆಗೆ ಫೋನು ಮಾಡುತ್ತಾರೆ. ಯಾರ ಕಣ್ಣೂ ಇಲ್ಲದ ಊರಿನಲ್ಲಿ ಸ್ವಾತಂತ್ರ್ಯವೂ ಇದೆ, ಒಂಟಿತನವೂ ಇದೆ. ಬೇಗ ಗೆಳತಿಯರನ್ನು ಮಾಡಿಕೊಳ್ಳುವವಳು ಅಲ್ಲಿ ಅರಳುತ್ತಾಳೆ, ಮನಸ್ಸಿನಲ್ಲೇ ಇಟ್ಟುಕೊಳ್ಳುವವಳು ಬಾಡುತ್ತಾಳೆ. ಮಗಳು ಯಾವ ಬಗೆಯವಳು ಎಂದು ಹೆತ್ತವರು ಅರಿತಿರಬೇಕು.

ನೋಡಬೇಕಾದ ಕೆಲವು ಸಂಗತಿಗಳು

ಮೂರು ಊರು ಸುತ್ತಿದ ಮೇಲೆ ಕೆಲವು ವಿಷಯಗಳು ನಮಗೆ ಸ್ಪಷ್ಟವಾದವು. ಕಾಲೇಜು ನೋಡಲು ರಜೆಯ ದಿನ ಹೋಗಬಾರದು, ತರಗತಿ ಇರುವ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಬೇಕು. ಪ್ರಾಂಶುಪಾಲರ ಕೋಣೆಗಿಂತ ಮೊದಲು ಹುಡುಗಿಯರ ಶೌಚಾಲಯ ನೋಡಬೇಕು. ಸಂಜೆ ಬಸ್‌ಸ್ಟಾಪಿನಲ್ಲಿ ಅರ್ಧ ಗಂಟೆ ನಿಲ್ಲಬೇಕು. ಕೊನೆಯ ವರ್ಷದವರಿಗಿಂತ ಮೊದಲ ವರ್ಷದವರನ್ನು ಮಾತನಾಡಿಸಬೇಕು. ಅವರಿಗೆ ಸೇರಿದ ದಿನಗಳ ನೆನಪು ಹಸಿಯಾಗಿರುತ್ತದೆ.

ನೋಟಿಸ್ ಬೋರ್ಡನ್ನೂ ಓದಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾನೂನು 2013ರಲ್ಲಿ ಬಂತು. ಅದಕ್ಕೆ ಹೊಂದಿ ಯುಜಿಸಿ 2015ರಲ್ಲಿ ಕಾಲೇಜುಗಳಿಗೆ ನಿಯಮ ಮಾಡಿತು. ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಮಹಿಳೆಯಾಗಿರಬೇಕು. ಸದಸ್ಯರ ಹೆಸರು, ಫೋನ್ ಸಂಖ್ಯೆ ಗೋಡೆಯ ಮೇಲಿದೆಯೇ? ರ‍್ಯಾಗಿಂಗ್ ವಿರುದ್ಧ ಯುಜಿಸಿಯ 2009ರ ನಿಯಮಗಳಿವೆ. ಅದರ ಸಹಾಯವಾಣಿ 1800-180-5522. ಈ ಸಂಖ್ಯೆ ಮಗಳ ಮೊಬೈಲಿನಲ್ಲಿ ಮೊದಲ ದಿನವೇ ಇರಲಿ. ಸಮಿತಿಯ ಹೆಸರು ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಾಲೇಜಿನ ಬಗ್ಗೆ ಎರಡು ಸಲ ಯೋಚಿಸಿ.

ಬಸ್ಸಿನಲ್ಲಿ ಸಿಕ್ಕ ಹುಡುಗಿ

ಇಷ್ಟೆಲ್ಲ ನೋಡಿದ ಮೇಲೂ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಕಾಲೇಜೊಂದರಲ್ಲಿ ಕಂಡದ್ದಲ್ಲ. ಮಂಗಳೂರಿಗೆ ಹೋದ ದಿನ ಮರಳುವ ಬಸ್ಸಿನಲ್ಲಿ ನನ್ನ ಪಕ್ಕ ಎರಡನೆಯ ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು, ನಮ್ಮವಳೇ. ನಾವು ಕಾಲೇಜು ನೋಡಲು ಬಂದವರೆಂದು ತಿಳಿದು ಮಾತಿಗೆ ಸಿಕ್ಕಳು. ದಿನಾ ಸಂಜೆ ಒಬ್ಬ ಹುಡುಗ ಬಸ್‌ಸ್ಟಾಪಿನ ತನಕ ಹಿಂದೆ ಬರುತ್ತಾನಂತೆ. ನಾಲ್ಕು ತಿಂಗಳಾಯಿತಂತೆ.

“ಕಾಲೇಜಿನಲ್ಲಿ ಹೇಳಲಿಲ್ಲವೇ?” ಎಂದೆ.

“ಹೇಳಿದರೆ ಮನೆಗೆ ಗೊತ್ತಾಗುತ್ತದೆ ಆಂಟಿ.”

“ಮನೆಯಲ್ಲಿ ಹೇಳಲಿಲ್ಲವೇ?”

“ಹೇಳಿದರೆ ನಾಳೆಯಿಂದ ಕಾಲೇಜಿಗೆ ಹೋಗುವುದು ಬೇಡ ಎನ್ನುತ್ತಾರೆ. ಸೇರಿಸುವಾಗಲೇ ಅಣ್ಣ ಹೇಳಿದ್ದಾನೆ, ಒಂದು ಮಾತು ಕೇಳಿಬಂದರೂ ಓದು ನಿಲ್ಲಿಸುತ್ತೇನೆ ಎಂದು.”

ಅವಳಿಗೆ ಆ ಸಹಾಯವಾಣಿಯ ಬಗ್ಗೆಯೂ ದೂರು ಸಮಿತಿಯ ಬಗ್ಗೆಯೂ ಗೊತ್ತಿತ್ತು. ಎರಡೂ ಅವಳ ಪಾಲಿಗೆ ಇಲ್ಲದಂತೆಯೇ. ನಾನು ನನ್ನ ನಂಬರ್ ಬರೆದುಕೊಟ್ಟೆ. ದೂರು ಸಮಿತಿಯ ಮೇಡಮ್ ಬಳಿ ಹೋಗುವಾಗ ಜೊತೆಗೊಬ್ಬಳು ಗೆಳತಿಯನ್ನು ಕರೆದುಕೊಂಡು ಹೋಗು ಎಂದೆ. ಫರಂಗಿಪೇಟೆಯಲ್ಲಿ ಅವಳು ಇಳಿದಳು.

ಕಾಲೇಜಿನ ವಾತಾವರಣ ಎಂದಾಗ ನಾವು ಕಾಲೇಜನ್ನು ಮಾತ್ರ ನೋಡುತ್ತೇವೆ. ಹುಡುಗಿಯ ಪಾಲಿಗೆ ಮನೆಯೂ ಆ ವಾತಾವರಣದ ಭಾಗವೇ. ಒಂದು ದೂರಿಗೆ ಓದೇ ನಿಲ್ಲುತ್ತದೆ ಎಂದು ಗೊತ್ತಿದ್ದರೆ ಯಾವ ಹುಡುಗಿಯೂ ದೂರು ಹೇಳುವುದಿಲ್ಲ. ಹೇಳದ ಹುಡುಗಿಗೆ ತೊಂದರೆ ಕೊಡುವುದು ಸುಲಭ ಎಂಬುದು ತೊಂದರೆ ಕೊಡುವವನಿಗೂ ಗೊತ್ತು. ರಕ್ಷಣೆಗೆಂದು ಹಾಕಿದ ಷರತ್ತೇ ಹೀಗೆ ಅವಳನ್ನು ಒಂಟಿ ಮಾಡುತ್ತದೆ.

ಮನೆಯ ಒಪ್ಪಂದ

ಮೈಸೂರಿನಿಂದ ಮರಳಿದ ರಾತ್ರಿ ನಾಲ್ವರೂ ಒಟ್ಟಿಗೆ ಕುಳಿತೆವು. ನನ್ನ ಮನಸ್ಸು ಭಟ್ಕಳದ ಕಡೆಗಿತ್ತು. ಅವಳ ತಂದೆಗೆ ದಿನಾ ಸಂಜೆ ಮಗಳು ಮನೆಗೆ ಬರಬೇಕು. ಅಣ್ಣನಿಗೆ ಮೈಸೂರೇ ಸರಿ. ಮಗಳು ಮಾತ್ರ ಮಂಗಳೂರಿನ ಒಂದು ಕಾಲೇಜಿನ ಹೆಸರು ಹೇಳಿದಳು. ಬ್ಯಾಗು ಸರಿಸಿ ಜಾಗ ಕೊಟ್ಟ ಹುಡುಗಿಯರ ಕಾಲೇಜು ಅದು. “ಭಟ್ಕಳದಲ್ಲಿ ನನಗೆ ಹಾಯಾಗಿತ್ತು, ಮೈಸೂರಿನಲ್ಲಿ ಆಸೆಯಾಯಿತು. ಆದರೆ ನಾನು ಇದೇ ಜಿಲ್ಲೆಯಲ್ಲಿ ಬದುಕಬೇಕಾದವಳು. ಇಲ್ಲಿನವರ ಜೊತೆ ಕೂತು ಉಣ್ಣಲು ಇಲ್ಲೇ ಕಲಿಯುತ್ತೇನೆ” ಎಂದಳು. ತಲೆವಸ್ತ್ರದ ನಿಯಮವನ್ನು ಅಲ್ಲಿ ಮುದ್ರಿಸಿಯೇ ಕೊಟ್ಟಿದ್ದರು, ಕೊನೆಯ ಬಸ್ಸಿನ ಹೊತ್ತೂ ಗೊತ್ತಿತ್ತು. ಬೇಡ ಎನ್ನಲು ನಮ್ಮಲ್ಲಿ ಕಾರಣ ಉಳಿದಿರಲಿಲ್ಲ.

ಅಣ್ಣ ಬಾಯಿ ತೆರೆದ, “ಆದರೆ ಏನಾದರೂ ತೊಂದರೆ ಅಂತ ಬಂದರೆ...”

ಅವನ ಮಾತು ಮುಗಿಯುವ ಮೊದಲೇ ನಾನು ಬಸ್ಸಿನ ಹುಡುಗಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವಳ ತಂದೆಯೇ ಹೇಳಿದರು, “ತೊಂದರೆ ಬಂದರೆ ಮೊದಲು ನಮಗೆ ಹೇಳು. ನಾನು ಬಂದು ಕಾಲೇಜಿನಲ್ಲಿ ಮಾತನಾಡುತ್ತೇನೆ. ಆಗದಿದ್ದರೆ ಕಾಲೇಜು ಬದಲಾಯಿಸೋಣ. ಓದು ನಿಲ್ಲಿಸುವ ಮಾತು ಈ ಮನೆಯಲ್ಲಿ ಬರಕೂಡದು.” ಅಣ್ಣ ತಲೆಯಾಡಿಸಿದ. ಶುಲ್ಕ ಕಟ್ಟಿದ್ದು ಅದರ ಮರುದಿನ.

ಆ ಕಾಲೇಜಿನ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಮಗಳಿಗೆ ಸರಿಹೊಂದಿದ್ದು ನಿಮ್ಮ ಮಗಳಿಗೆ ಸರಿಹೊಂದಬೇಕೆಂದಿಲ್ಲ. ಯಾರದೋ ಮಗಳು ಭಟ್ಕಳದಲ್ಲಿ ಮಾತು ಕಲಿಯಬಹುದು, ಇನ್ನೊಬ್ಬಳು ಮೈಸೂರಿನ ಹಾಸ್ಟೆಲ್‌ನಲ್ಲಿ ಅರಳಬಹುದು. ಸಹೋದರಿಯರೇ, ಈ ವರ್ಷ ನಿಮ್ಮ ಮನೆಯಲ್ಲೂ ಪ್ರಾಸ್ಪೆಕ್ಟಸ್‌ಗಳು ಬಂದಿದ್ದರೆ ಮಗಳನ್ನು ಕರೆದುಕೊಂಡು ಒಮ್ಮೆ ಹೋಗಿ ನೋಡಿ ಬನ್ನಿ. ಹೊರಡುವ ಮುನ್ನವೇ ಅವಳಿಗೊಂದು ಮಾತು ಕೊಡಿ: ಏನೇ ಆದರೂ ಮನೆಯಲ್ಲಿ ಹೇಳಬಹುದು, ಹೇಳಿದ್ದಕ್ಕಾಗಿ ಓದು ನಿಲ್ಲುವುದಿಲ್ಲ ಎಂದು.